ಮೂರು ಸ್ಪಾರ್ಕ್ ಪ್ಲಗ್ ಬದಲಿಸಲು 4,800 ರೂಪಾಯಿಯೇ?

ನಿಮ್ಮ ಪ್ರಶ್ನೆ ಇದು: 2016ರ ಪೆಟ್ರೋಲ್ ವ್ಯಾಗನ್ ಆರ್, 52,000 ಕಿಲೋಮೀಟರ್ ಓಡಿದೆ, ಈವರೆಗೆ ಪ್ಲಗ್ ಮುಟ್ಟಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಸರ್ವಿಸ್‌ಗೆ ಬಿಟ್ಟರೆ ‘ಪ್ಲಗ್ ಬದಲಾವಣೆ’ ಎಂದು 4,800 ರೂಪಾಯಿಯ ಅಂದಾಜು ಪಟ್ಟಿ ಕೈಗಿತ್ತಿದ್ದಾರೆ. ಕೊಡಬಹುದೇ?

ಪ್ಲಗ್ ಬದಲಿಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ದುಡ್ಡು ಕೊಡಬೇಡಿ.

ನಾನು ಮೆಕ್ಯಾನಿಕ್ ಅಲ್ಲ. ಇದೇ ಒಂದು ಲೀಟರಿನ, ಮೂರು ಸಿಲಿಂಡರಿನ ಗಾಡಿಯನ್ನು ತುಮಕೂರಿನಲ್ಲಿ ಹನ್ನೆರಡು ವರ್ಷಗಳಿಂದ ಓಡಿಸುತ್ತಿದ್ದೇನೆ. ಪ್ಲಗ್ಗುಗಳನ್ನು ಮನೆಯಂಗಳದಲ್ಲೇ ನಾಲ್ಕು ಸಲ ಬಿಚ್ಚಿ ಹಾಕಿದ್ದೇನೆ, ಅದರಲ್ಲಿ ಒಂದು ಸಲ ಕೆಡಿಸಿಯೂ ಇದ್ದೇನೆ.

ಮೊದಲು ನಿಮ್ಮ ಪಟ್ಟಿ. ಇರಿಡಿಯಂ ಪ್ಲಗ್ ಮೂರಕ್ಕೆ 2,400, ಕೂಲಿ 600, ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಭಾಗ) ಶುಚಿಗೆ 750, ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಶುಚಿಗೆ 1,050. ಕೊನೆಯ ಎರಡು ಬಾಬ್ತು ಮದುವೆಮನೆಯ ಎಲೆಗೆ ಉಪ್ಪಿನಕಾಯಿ ಬಿದ್ದ ಹಾಗೆ ಕೇಳದೆಯೇ ಬಂದಿವೆ. ಪ್ಲಗ್ ಬದಲಿಸಲು ಅವುಗಳ ಅಗತ್ಯವಿಲ್ಲ. ಪ್ಲಗ್ ಹೊಸದಾದ ಮೇಲೂ ಎಂಜಿನ್ ತಡವರಿಸಿದರೆ ಆಗ ಯೋಚಿಸಬಹುದು. ಇನ್ನು ಇರಿಡಿಯಂ, ಅಂದರೆ ತುದಿಗೆ ಆ ಹೆಸರಿನ ಗಟ್ಟಿ ಲೋಹ ಹಾಕಿದ ಪ್ಲಗ್. ನಿಮ್ಮ ಗಾಡಿಗೆ ಸಾಮಾನ್ಯ ನಿಕಲ್ ಪ್ಲಗ್ ಸಾಕು. ಎನ್‌ಜಿಕೆ, ಬಾಷ್, ಡೆನ್ಸೊ ಯಾವುದಾದರೂ ಒಂದಕ್ಕೆ ಸುಮಾರು 100ರಿಂದ 200 ರೂಪಾಯಿ. ಇರಿಡಿಯಂ ಒಂದಕ್ಕೆ 500ರಿಂದ 900. ಕೂಲಿ ಹೊರಗಿನ ಗ್ಯಾರೇಜಿನಲ್ಲಿ 200ರಿಂದ 400. ಎಲ್ಲ ಸೇರಿ ಸಾವಿರದೊಳಗೆ ಮುಗಿಯುವ ಕೆಲಸ ಇದು.

ಇರಿಡಿಯಂ ಹಾಕಿದರೆ ಮೈಲೇಜ್ ಏರುತ್ತದೆ ಎನ್ನುವ ಮಾತನ್ನು ನಂಬಿ ಕೊಳ್ಳಬೇಡಿ. ಸವೆದ ಪ್ಲಗ್ ತೆಗೆದು ಯಾವ ಹೊಸ ಪ್ಲಗ್ ಹಾಕಿದರೂ ಗಾಡಿ ಹಗುರವಾಗಿ ಓಡುತ್ತದೆ. ಆ ಸುಖ ಹೊಸತನದ್ದು, ಇರಿಡಿಯಂನದ್ದಲ್ಲ. ಅದರ ನಿಜವಾದ ಲಾಭ ಆಯುಷ್ಯ. ನಿಕಲ್ ಪ್ಲಗ್ 30ರಿಂದ 40 ಸಾವಿರ ಕಿಲೋಮೀಟರಿಗೆ ಸವೆದರೆ ಇರಿಡಿಯಂ ಲಕ್ಷದ ಹತ್ತಿರದವರೆಗೂ ಬಾಳುತ್ತದೆ. ಪ್ಲಗ್ ಮುಟ್ಟಲು ಗಾಳಿ ಒಳಹೋಗುವ ಕೊಳವೆಗಳ ಜೋಡಣೆಯನ್ನೇ (ಇನ್‌ಟೇಕ್ ಮ್ಯಾನಿಫೋಲ್ಡ್) ಬಿಚ್ಚಬೇಕಾದ ಕಾರುಗಳಲ್ಲಿ ಪ್ಲಗ್ಗಿಗಿಂತ ಕೂಲಿಯೇ ದುಬಾರಿ, ಅಲ್ಲಿ ಇರಿಡಿಯಂ ಲೆಕ್ಕಕ್ಕೆ ಸರಿ. ಕಂಪನಿಯೇ ಇರಿಡಿಯಂ ಕೊಟ್ಟಿರುವ ಟರ್ಬೊ ಪೆಟ್ರೋಲ್ ಗಾಡಿಗಳಿಗೆ ಅದನ್ನೇ ಹಾಕಬೇಕು, ಚೌಕಾಸಿ ಬೇಡ. ನಿಮ್ಮ ಗಾಡಿಯಲ್ಲಿ ಹಾಗೇನಿಲ್ಲ; ಬಾನೆಟ್ ಎತ್ತಿದರೆ ಅರ್ಧ ಗಂಟೆಯ ಕೆಲಸ.

‘ಎಷ್ಟು ಕಿಲೋಮೀಟರಿಗೆ’ ಎನ್ನುವುದಕ್ಕೆ ಗಾಡಿಯ ಜೊತೆ ಬಂದ ಕೈಪಿಡಿಯೇ ಪ್ರಮಾಣ. ಆದರೆ ಮೀಟರ್ ಎಲ್ಲವನ್ನೂ ಹೇಳುವುದಿಲ್ಲ. ಎಂಜಿನ್ 3,000 ಆರ್‌ಪಿಎಂನಲ್ಲಿ ತಿರುಗುವಾಗ ಪ್ರತಿ ಪ್ಲಗ್ ಸೆಕೆಂಡಿಗೆ 25 ಸಲ ಕಿಡಿ ಹಾರಿಸುತ್ತದೆ. ಪ್ರತಿ ಕಿಡಿಯೂ ಪ್ಲಗ್ ತುದಿಯ ಲೋಹದ (ಎಲೆಕ್ಟ್ರೋಡ್) ಒಂದು ಕಣವನ್ನು ತಿನ್ನುತ್ತದೆ, ಕಿಡಿ ಹಾರುವ ಸಂದು, ಅಂದರೆ ಗ್ಯಾಪ್, ಅಗಲವಾಗುತ್ತದೆ, ಅದನ್ನು ದಾಟಲು ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಇನ್ನಷ್ಟು ವೋಲ್ಟೇಜ್ ಕೊಡಬೇಕಾಗುತ್ತದೆ. ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಇಪ್ಪತ್ತು ನಿಮಿಷ ನಿಂತಾಗ ಮೀಟರ್ ಮಲಗಿರುತ್ತದೆ, ಪ್ಲಗ್ ದುಡಿಯುತ್ತಲೇ ಇರುತ್ತದೆ. ಅದೂ ಅಲ್ಲದೆ, ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮೇಲೆ ಕಾದರೆ ಮಾತ್ರ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮನೆಯಿಂದ ತರಕಾರಿ ಅಂಗಡಿ, ಅಲ್ಲಿಂದ ಶಾಲೆ ಎಂದು ಎರಡೆರಡು ಕಿಲೋಮೀಟರ್ ಓಡಿಸುವವರ ಪ್ಲಗ್ಗಿಗೆ ಆ ಕಾವೇ ಸಿಗುವುದಿಲ್ಲ. ಸಿಎನ್‌ಜಿ ಕಿಟ್ ಇದ್ದರೆ ಇನ್ನೂ ಬೇಗ ನೋಡಬೇಕು, ಆ ಅನಿಲಕ್ಕೆ ಕಿಡಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು.

ಬೆಳಗಿನ ಸತಾಯಿಸುವಿಕೆಗೆ ಬ್ಯಾಟರಿಯೂ ಕಾರಣವಿರಬಹುದು. ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪ್ಲಗ್ ಮೇಲೆ ಅನುಮಾನ ಪಡಿ. ಏರಿನಲ್ಲಿ ಪಿಕಪ್ ಇಲ್ಲದಿರುವುದು, ನಿಂತಲ್ಲಿ ನಡುಗುವುದು, ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತದೆ ಮಿಸ್ಸಿಂಗ್ ಹೊಡೆಯುವುದು ಉಳಿದ ಲಕ್ಷಣಗಳು. ಎಂಜಿನ್ ದೀಪ ಹೊತ್ತಿದ್ದರೆ ಸ್ಕ್ಯಾನರ್ ಹಾಕಿಸಿ, ಅದು ದೋಷದ ಕೋಡ್ ತೋರಿಸುತ್ತದೆ. ಪಿ0301 ಎಂದರೆ ಒಂದನೇ ಸಿಲಿಂಡರಿನ ಮಿಸ್‌ಫೈರ್ (ಅದೇ ಮಿಸ್ಸಿಂಗ್), ಪಿ0302 ಎಂದರೆ ಎರಡನೆಯದು. ಒಂದು ಮತ್ತು ಎರಡರ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಓಡಿಸಿದಾಗ ಕೋಡ್ ಕೂಡ ಜಾಗ ಬದಲಿಸಿದರೆ ತಪ್ಪು ಕಾಯಿಲ್‌ನದು. ಮಿಸ್ಸಿಂಗ್ ಹೊಡೆಯುತ್ತಲೇ ತಿಂಗಳುಗಟ್ಟಲೆ ಓಡಿಸುವುದು ಮಾತ್ರ ಬೇಡ. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿ ಹಿಡಿದು, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತದೆ. ಅದು ಸುಟ್ಟರೆ ಖರ್ಚು ಹತ್ತಾರು ಸಾವಿರ.

ನಾನು ಕೆಡಿಸಿಕೊಂಡ ಕಥೆಗೆ ಬರುತ್ತೇನೆ. ಹೊಸ ಪ್ಲಗ್ ಕೈಜಾರಿ ಸಿಮೆಂಟ್ ನೆಲಕ್ಕೆ ಬಿತ್ತು. ಪಿಂಗಾಣಿ ಒಡೆದಿರಲಿಲ್ಲ, ಒರೆಸಿ ಹಾಕಿದೆ. ಸ್ಟಾರ್ಟ್ ಮಾಡಿದರೆ ಗಾಡಿ ಚಳಿಜ್ವರ ಬಂದವರಂತೆ ನಡುಗಿತು. ಕಾಯಿಲ್ ಬದಲಿಸಿ ನೋಡಿದೆ, ವೈರಿಂಗ್ ತಡಕಿದೆ, ಮಧ್ಯಾಹ್ನದ ಊಟ ತಣ್ಣಗಾಯಿತು. ಕೊನೆಗೆ ಅದೇ ಪ್ಲಗ್ಗನ್ನು ಬಿಚ್ಚಿ ಬಿಸಿಲಿಗೆ ಹಿಡಿದಾಗ ಕಂಡಿತು: ಒಂದು ಮಿಲಿಮೀಟರಿನಷ್ಟು ಇರಬೇಕಾದ ಗ್ಯಾಪ್‌ನಲ್ಲಿ ಕೂದಲೆಳೆಯಷ್ಟು ಬೆಳಕೂ ತೂರುತ್ತಿರಲಿಲ್ಲ. ಬಿದ್ದ ರಭಸಕ್ಕೆ ಕೊಕ್ಕೆ ಬಾಗಿ ಕೂತಿತ್ತು. ಅಂದಿನಿಂದ ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಾಕಿ ನೋಡದೆ ಪ್ಲಗ್ ಕೂರಿಸುವುದಿಲ್ಲ.

ನೀವೇ ಮಾಡುವುದಾದರೆ ಎಂಜಿನ್ ಪೂರ್ತಿ ತಣ್ಣಗಿರಲಿ, ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂನದು, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಕಾಯಿಲ್ ತೆಗೆದ ಮೇಲೆ ಗುಂಡಿಯೊಳಗಿನ ಧೂಳನ್ನು ಗಾಳಿ ಹೊಡೆದು ಹೊರಹಾಕಿ. ಇಲ್ಲವಾದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ. ಬಿಗಿಯಾಯಿತು ಎನಿಸಿದ ಮೇಲೆ, ವಾಷರ್ ಇರುವ ಹೊಸ ಪ್ಲಗ್ಗಾದರೆ, ಸ್ಪ್ಯಾನರಿನಲ್ಲಿ ಇನ್ನು ಅರ್ಧ ಸುತ್ತು. ತೋಳಿನ ಬಲ ತೋರಿಸುವ ಜಾಗ ಇದಲ್ಲ.

ಗ್ಯಾರೇಜಿನಲ್ಲೇ ಮಾಡಿಸುವುದಾದರೆ ಒಂದೇ ಷರತ್ತು ಹಾಕಿ: ಬಿಚ್ಚಿದ ಹಳೆಯ ಪ್ಲಗ್ ಮೂರನ್ನೂ ಸಿಲಿಂಡರಿನ ಕ್ರಮದಲ್ಲಿ ನಿಮ್ಮ ಕೈಗೆ ಕೊಡಬೇಕು. ಬದಲಿಸಿದ್ದು ನಿಜವೇ ಎಂದು ತಿಳಿಯುವುದು ಒಂದು ಲಾಭ. ಇನ್ನೊಂದು, ಆ ತುದಿಗಳು ಎಂಜಿನ್ನಿನ ಜಾತಕ. ತೆಳು ಕಂದು, ಬಿಸ್ಕತ್ತಿನ ಬಣ್ಣವಿದ್ದರೆ ಚಿಂತೆಯಿಲ್ಲ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ವಿಪರೀತ ಕಾಯುತ್ತಿದೆ. ಎಣ್ಣೆಯಿದ್ದರೆ ಎಲ್ಲಿದೆ ನೋಡಿ. ಮೇಲಿನ ಪಿಂಗಾಣಿಯ ಸುತ್ತ ಮಾತ್ರ ಇದ್ದರೆ ವಾಲ್ವ್ ಕವರ್ ಕಡೆಯ ಸೀಲ್ ಸೋರುತ್ತಿದೆ, ಸಣ್ಣ ಖರ್ಚು. ಒಳಗಿನ ತುದಿಯೇ ಎಣ್ಣೆಯಲ್ಲಿ ಮಿಂದಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಹಾಗೇನಾದರೂ ಕಂಡರೆ ಮೂರೂ ಪ್ಲಗ್ಗುಗಳನ್ನು ಬಿಳಿ ಕಾಗದದ ಮೇಲಿಟ್ಟು ಫೋಟೊ ತೆಗೆದು ಇಲ್ಲೇ ಹಾಕಿ, ನೋಡುತ್ತೇನೆ.