ಪ್ರೊಟ್ರೂಡ್ ಅಂದರೆ ಏನು? ಈ ಪದದ ಲ್ಯಾಟಿನ್ ಮೂಲ ಯಾವುದು?

ನಿಮ್ಮ ತಂದೆಯವರ ಬೆನ್ನಿನ ಎಂಆರ್‌ಐ ರಿಪೋರ್ಟ್‌ನಲ್ಲಿ 'ಡಿಸ್ಕ್ ಪ್ರೊಟ್ರೂಷನ್' ಎಂದು ಬರೆದಿದೆ, ಪ್ರೊಟ್ರೂಡ್ ಅಂದರೆ ಏನು, ಅದು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ನಾನು ಇಂಥ ರಿಪೋರ್ಟ್‌ಗಳನ್ನು ಟೈಪ್ ಮಾಡುವ ಕೆಲಸದಲ್ಲಿದ್ದೇನೆ. ಈ ಪದ ದಿನಾ ಕಣ್ಣಿಗೆ ಬೀಳುತ್ತದೆ, ನನಗೆ ತುಂಬ ಇಷ್ಟವೂ ಹೌದು.

ಸುತ್ತಲಿನ ಮಟ್ಟ ದಾಟಿ ಮುಂದಕ್ಕೆ ಚಾಚಿಕೊಂಡಿರುವುದೇ ಪ್ರೊಟ್ರೂಡ್. ಉಬ್ಬುಹಲ್ಲಿಗೂ ಇದೇ ಪದ, ಬೆಂಚಿನಿಂದ ತಲೆ ಎತ್ತಿ ಬಟ್ಟೆ ಹರಿಯುವ ಮೊಳೆಗೂ ಇದೇ ಪದ.

ಲ್ಯಾಟಿನ್‌ನಲ್ಲಿ 'ಪ್ರೋ' ಅಂದರೆ ಮುಂದಕ್ಕೆ, 'ತ್ರೂದೆರೆ' ಅಂದರೆ ದಬ್ಬುವುದು. ಈ 'ಪ್ರೋ' ನಮಗೆ ಹೊಸದಲ್ಲ. ಪ್ರಗತಿ, ಪ್ರಯಾಣದಲ್ಲಿರುವ ಸಂಸ್ಕೃತದ 'ಪ್ರ' ಮತ್ತು ಇದು ಒಂದೇ ಹಳೆಯ ಬೇರಿನವು. ಇಂಗ್ಲಿಷಿಗೆ ಪದ ಬಂದದ್ದು 17ನೇ ಶತಮಾನದ ಆರಂಭದಲ್ಲಿ. ಮೊದಲು ಮುಂದಕ್ಕೆ ದಬ್ಬು ಎಂಬ ಅರ್ಥವೇ ಇತ್ತು, ಚಾಚಿಕೊಂಡಿರು ಎಂಬುದು ಆಮೇಲೆ ಸೇರಿತು.

ಬೇರು ಗೊತ್ತಾದರೆ ಇನ್ನಷ್ಟು ಪದಗಳು ಸುಮ್ನೆ ಬಿಡಿಸಿಕೊಳ್ಳುತ್ತವೆ. ಇಂಟ್ರೂಡ್ ಅಂದರೆ ಒಳಕ್ಕೆ ನುಗ್ಗುವುದು. ಅಬ್‌ಸ್ಟ್ರೂಸ್ ಅಂದರೆ ಸುಲಭಕ್ಕೆ ಅರ್ಥವಾಗದ್ದು: ಕಣ್ಣಿಗೆ ಕಾಣದಷ್ಟು ದೂರ ದಬ್ಬಿಟ್ಟದ್ದು ಎಂಬ ಭಾವ. ಎಕ್ಸ್‌ಟ್ರೂಡ್ ಅಂದರೆ ಹೊರಕ್ಕೆ ದಬ್ಬುವುದು, ಒರಳಿನಿಂದ ಚಕ್ಕುಲಿ ಒತ್ತುತ್ತೇವಲ್ಲ, ಹಾಗೆ. ಕಿಟಕಿಯ ಅಲ್ಯೂಮಿನಿಯಂ ಪಟ್ಟಿ ತಯಾರಾಗುವುದೂ ಹೀಗೇ. ಆದರೆ ಪ್ರೊಟ್ಯೂಬರನ್ಸ್ ಈ ಗುಂಪಿಗೆ ಸೇರಿದ್ದಲ್ಲ. ಅದರ ಬೇರು 'ಟ್ಯೂಬರ್', ಅಂದರೆ ಗಂಟು, ಊತ. ಈ ಎರಡನ್ನು ಬೆರೆಸಿಯೇ ಕೆಲವರು 'ಪ್ರೊಟ್ಯೂಡ್' ಎನ್ನುವುದು ಅನಿಸುತ್ತದೆ. ಅದು ತಪ್ಪು.

ಈಗ ರಿಪೋರ್ಟ್‌ಗೆ ಬರೋಣ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗೆ ಒಳಗೆ ಮೆತ್ತನೆಯ ತಿರುಳು, ಸುತ್ತ ಗಟ್ಟಿ ಬಳೆ. ಬಳೆ ಒಂದು ಕಡೆ ಸಡಿಲವಾದರೆ ಭಾರಕ್ಕೆ ತಿರುಳು ಆ ಕಡೆಗೆ ತಳ್ಳಿಕೊಂಡು ಬರುತ್ತದೆ. ಚಾಚಿದ ಭಾಗದ ಬುಡ ಅಗಲವಾಗಿದ್ದು, ಹೊರಬಂದದ್ದು ಅದಕ್ಕಿಂತ ಕಡಿಮೆ ಇದ್ದರೆ ಪ್ರೊಟ್ರೂಷನ್. ಬುಡಕ್ಕಿಂತ ಹೊರಬಂದದ್ದೇ ಹೆಚ್ಚಾದರೆ ಎಕ್ಸ್‌ಟ್ರೂಷನ್. ಒಂದರಲ್ಲಿ ಮುಂದಕ್ಕೆ, ಇನ್ನೊಂದರಲ್ಲಿ ಹೊರಕ್ಕೆ. ಎಷ್ಟು ಸರಿಯಾಗಿ ಹೊಂದುತ್ತದೆ, ಅಲ್ವಾ?

ಪದ ನೋಡಿ ಗಾಬರಿಯಾಗಬೇಡಿ. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಬೆನ್ನುನೋವೇ ಇಲ್ಲದ 20ರ ವಯಸ್ಸಿನವರಲ್ಲೂ ಸುಮಾರು ಶೇ. 29 ಮಂದಿಗೆ ಪ್ರೊಟ್ರೂಷನ್ ಕಂಡಿತ್ತು, 80ರ ವಯಸ್ಸಿನವರಲ್ಲಿ ಶೇ. 43. ನರಕ್ಕೆ ಒತ್ತುತ್ತಿದೆಯಾ ಎಂಬುದು ಮುಖ್ಯ. ಸಾಮಾನ್ಯವಾಗಿ ಅದೇ ವಾಕ್ಯದಲ್ಲೋ ಮುಂದಿನ ಸಾಲಿನಲ್ಲೋ ಅದನ್ನು ಬರೆದಿರುತ್ತಾರೆ. ಆ ಸಾಲನ್ನು ತೋರಿಸಿ ಡಾಕ್ಟರನ್ನು ಕೇಳಿ.