ಚೆಂಡು ಬದಲಿಸುವಾಗ ಹೊಸ ಚೆಂಡು ಯಾಕೆ ಕೊಡಲ್ಲ?

ನೀವು ಕೇಳಿರೋದು 2025ರ ಇಂಗ್ಲೆಂಡ್ ಪ್ರವಾಸದ ಲಾರ್ಡ್ಸ್ ಟೆಸ್ಟ್ ಬಗ್ಗೆ: 80 ಓವರ್ ಆದ ಮೇಲೆ ಸಿಗುವ ಎರಡನೇ ಹೊಸ ಚೆಂಡು ಸುಮಾರು ಹತ್ತು ಓವರಿಗೇ ಆಕಾರ ಕಳೆದುಕೊಂಡಾಗ ಭಾರತಕ್ಕೆ ಇನ್ನೊಂದು ಹೊಸ ಚೆಂಡು ಯಾಕೆ ಸಿಗಲಿಲ್ಲ ಅಂತ.

ನಿಯಮದ ಪ್ರಕಾರ ಬದಲಿ ಚೆಂಡು ಹಳೇ ಚೆಂಡಿನಷ್ಟೇ ಸವೆದಿರಬೇಕು. ನಾಲ್ಕನೇ ಅಂಪೈರ್ ತರುವ ಪೆಟ್ಟಿಗೆಯಲ್ಲಿ ಬಳಸಿದ ಚೆಂಡುಗಳಿರುತ್ತವೆ, ಅದರಲ್ಲಿ ಆರಿಸುವುದು ಅಂಪೈರ್‌ಗಳೇ. ನಾಯಕನಿಗೆ ಆಯ್ಕೆ ಇಲ್ಲ. ಅಷ್ಟು ಕಡಿಮೆ ಆಡಿದ, ಹೊಳಪು ಉಳಿದಿರುವ ಚೆಂಡು ಆ ಪೆಟ್ಟಿಗೆಯಲ್ಲಿ ಸಿಗೋದೇ ಕಷ್ಟ.

ಪರೀಕ್ಷೆಗೆ ಎರಡು ಬಳೆ ಇರುತ್ತವೆ. ಒಂದರೊಳಗೆ ಚೆಂಡು ತೂರಬೇಕು, ಇನ್ನೊಂದರಲ್ಲಿ ತೂರಬಾರದು. ಅಂದರೆ ಅಳೆಯೋದು ಗಾತ್ರ ಮತ್ತು ಆಕಾರ ಮಾತ್ರ. ಚೆಂಡು ಮೆತ್ತಗಾಗಿದೆ, ಸ್ವಿಂಗ್ ಆಗ್ತಿಲ್ಲ (ಗಾಳಿಯಲ್ಲಿ ತಿರುಗ್ತಿಲ್ಲ) ಅನ್ನೋ ದೂರು ಇಲ್ಲಿ ನಡೆಯಲ್ಲ.

ಬೌಲರ್‌ಗಳು ತಪ್ಪುವುದೂ ಇಲ್ಲೇ ಅನ್ನೋದು ನನ್ನ ಅಭಿಪ್ರಾಯ. ಲಾರ್ಡ್ಸ್‌ನಲ್ಲಿ ಆ ಬೆಳಿಗ್ಗೆ ಬುಮ್ರಾ ಅದೇ ಚೆಂಡಿನಲ್ಲಿ ಇಂಗ್ಲೆಂಡಿನ ಸ್ಟೋಕ್ಸ್, ರೂಟ್, ವೋಕ್ಸ್ ಮೂವರನ್ನೂ ಕಿತ್ತಿದ್ದರು. ಆ ಚೆಂಡು ಬದಲಾಯಿಸಿದ ಮೇಲೆ ಸ್ವಿಂಗ್ ತಗ್ಗಿತು, ಸ್ಮಿತ್ ಮತ್ತು ಕಾರ್ಸ್ ಎಂಟನೇ ವಿಕೆಟ್‌ಗೆ 84 ರನ್ ಸೇರಿಸಿದರು. ವಿಕೆಟ್ ಬೀಳ್ತಿರುವಾಗ ಆಕಾರ ಸ್ವಲ್ಪ ಸೊಟ್ಟಗಿದ್ದರೂ ಬದಲಾವಣೆ ಕೇಳಲೇಬಾರದು.

ಇನ್ನೊಂದು ವಿಷಯ: ಬದಲಿ ಚೆಂಡು ಬಂದಾಗ 80 ಓವರ್‌ಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಲ್ಲ, ಮೊದಲಿನ ಎಣಿಕೆಯೇ ಮುಂದುವರಿಯುತ್ತದೆ.