ಅಕ್ಕಿನುಚ್ಚಿನಷ್ಟು ಬಿಳಿ ಹುಳು: ಬಿಡಲೇ, ಬಿಸಾಡಲೇ?

ಪ್ರಶ್ನೆ: ಮನೆಯಲ್ಲಿ ಮೂರಡಿ ಉದ್ದದ ಉಪ್ಪುನೀರಿನ ಹವಳದ ಟ್ಯಾಂಕ್ ಇದೆ. ಪಾಚಿ ತಿನ್ನಲಿ ಎಂದು ಐದು ಟರ್ಬೋ ಬಸವನಹುಳು ಬಿಟ್ಟಿದ್ದೆ. ಈಗ ಅವುಗಳ ಚಿಪ್ಪಿನ ಅಂಚಿನಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹುಳುಗಳಿವೆ. ಗಾಜಿನ ಮೇಲೂ ಸಣ್ಣವು ಬೇಕಾದಷ್ಟು. ಜೋಆಂಥಸ್ (ಹೂವಿನಂತೆ ಅರಳುವ, ಹವಳದಂಥ ಜೀವಿ) ಗೊಂಚಲೊಂದು ವಾರದಿಂದ ಅರಳಿಲ್ಲ. ಮಗ ಕಣ್ವತೀರ್ಥದ ಕಡಲಿನಿಂದ ಬೇರೆ ಹುಳು ತಂದು ಬಿಡುತ್ತೇನೆ ಅನ್ನುತ್ತಾನೆ. ಇರುವುದನ್ನೆಲ್ಲ ಬಿಸಾಡಲೇ?
– ಓದುಗರು, ಉಪ್ಪಳ

ಉತ್ತರ: ಬಿಸಾಡಬೇಡಿ. ಒಮ್ಮೆ ಬಿಸಾಡಿ ಬುದ್ಧಿ ಕಲಿತವನು ನಾನು. ರಾತ್ರಿ ಟಾರ್ಚು ಹಾಕಿದಾಗ ಗಾಜಿನ ತುಂಬ ಸಾಸಿವೆಗಿಂತ ತುಸು ದೊಡ್ಡ, ಉರುಟು ಹುಳುಗಳು. ಮೂರು ರಾತ್ರಿ ಕೂತು ಹೆಕ್ಕಿ ಬಾಲ್ದಿಗೆ ಹಾಕಿದೆ. ವಾರ ಕಳೆಯುವಾಗ ಗಾಜು ಹಸಿರು. ಅವು ಕಲೋನಿಸ್ಟಾ ಎಂಬ ಬಸವನಹುಳು ಜಾತಿ, ಬೆಳೆಯುವುದೇ ಅಷ್ಟು, ತಿನ್ನುವುದು ಪಾಚಿ. ನಿಮ್ಮ ಗಾಜಿನ ಮೇಲಿನವೂ ಉರುಟಾಗಿದ್ದರೆ ಅವುಗಳ ಪಾಡಿಗೆ ಬಿಡಿ.

ಟರ್ಬೋ ಅಂಚಿನಲ್ಲಿರುವುದು ಮಾತ್ರ ಪಿರಮಿಡೆಲ್ಲಿಡ್ ಎಂಬ ಪರಾವಲಂಬಿ ಬಸವನಹುಳು ಇರಬೇಕು. 2-3 ಮಿ.ಮೀ. ಉದ್ದ, ಬಿಳಿ, ಒಂದು ತುದಿ ಚೂಪು. ಸಪೂರ ಸೊಂಡಿಲನ್ನು ಇನ್ನೊಂದು ಹುಳುವಿನ ಮೈಗೆ ಚುಚ್ಚಿ ರಸ ಹೀರುವುದೇ ಅದರ ಬದುಕು. ಸೆರಿತ್ ಎಂಬ ಒಳ್ಳೆಯ ಹುಳುವಿನ ಮರಿಯೂ ಹೀಗೇ ಉದ್ದಕ್ಕೆ ಇರುತ್ತದೆ, ಹಾಗಾಗಿ ಆಕಾರ ನಂಬಬೇಡಿ, ಕೂತ ಜಾಗ ನೋಡಿ. ಸೆರಿತ್ ಮರಿ ಮರಳಲ್ಲೋ ಕಲ್ಲಿನ ಮೇಲೋ ಮೇಯುತ್ತಿರುತ್ತದೆ. ಪಿರಮಿಡೆಲ್ಲಿಡ್ ದೀಪ ಆರಿ ಒಂದೆರಡು ಗಂಟೆಯಾದ ಮೇಲೆ ಟರ್ಬೋ ಬಾಯಿಯ ಸುತ್ತ ಅಂಟಿಕೊಂಡಿರುತ್ತದೆ. ಟ್ಯಾಂಕಿನದೇ ನೀರನ್ನು ಒಂದು ಬೋಗುಣಿಗೆ ತೆಗೆದು, ಟರ್ಬೋಗಳನ್ನು ಅದರಲ್ಲಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಚಿಪ್ಪಿಗೆ ಅಂಟಿದ ಲೋಳೆಯಂಥ ಮುದ್ದೆ ಪಿರಮಿಡೆಲ್ಲಿಡ್‌ನ ಮೊಟ್ಟೆ, ಅದೂ ಹೋಗಬೇಕು. ಆ ನೀರನ್ನು ವಾಪಸು ಹೊಯ್ಯಬೇಡಿ. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ, ಕೆಲವು ವಾರ ಬಿಡದೆ ಮಾಡಿ. ಮೀನಿನ ಚುಕ್ಕಿರೋಗದ ತಾಮ್ರದ ಮದ್ದನ್ನಂತೂ ಮುಟ್ಟಲೇಬೇಡಿ, ಟರ್ಬೋ, ಹವಳ ಎಲ್ಲ ಒಟ್ಟಿಗೇ ಹೋಗುತ್ತವೆ.

ಚಿಪ್ಪಿನ ಬಾಯಿಯ ತುದಿಯಲ್ಲಿ ಸಣ್ಣ ತೋಡು ಇದ್ದರೆ ಮಾಂಸ ತಿನ್ನುವ ಹುಳು, ಬಾಯಿ ಉರುಟಾಗಿದ್ದರೆ ಸಾಧು ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ನಸ್ಸಾರಿಯಸ್ ಎಂಬ ಬಸವನಹುಳುವಿಗೆ ಆ ತೋಡು ಇದೆ, ಆದರೂ ಮರಳೊಳಗೆ ಹುದುಗಿದ್ದು ಮೀನು ಬಿಟ್ಟ ತಿಂಡಿ ಚೊಕ್ಕ ಮಾಡುವ ಉಪಕಾರಿ ಅದು. ಸನ್‌ಡಯಲ್ ಎಂಬ ಬಸವನಹುಳುವಿಗೆ ತೋಡಿಲ್ಲ, ಆದರೆ ಜೋಆಂಥಸ್ ತಿನ್ನುವುದು ಅದೇ. ಅರಳದ ಆ ಗೊಂಚಲಿನ ಬುಡವನ್ನು ರಾತ್ರಿ ಹುಡುಕಿ. ಕಪ್ಪು-ಬಿಳಿ ಚೌಕುಳಿಯ ಚಿಪ್ಪು ಸಿಕ್ಕಿದರೆ ಮಗುಚಿ ನೋಡಿ. ಬಾಯಿಯ ಮುಚ್ಚಳ ಚಪ್ಪಟೆಯಾಗಿರದೆ, ತಿರುಪಿನ ಹಾಗೆ ಸುತ್ತಿ ಮೊನೆಯಾಗಿದ್ದರೆ ಅದೇ ಕಳ್ಳ. ನಾನು ಹಿಡಿದದ್ದು ಬಟಾಣಿಯಷ್ಟಿತ್ತು, ನೋಡಲು ಎಷ್ಟು ಚಂದವೆಂದರೆ ಹೊರಗೆ ಹಾಕಲು ಮನಸ್ಸೇ ಬರಲಿಲ್ಲ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಜೋಆಂಥಸ್ ಜಾತಿಯ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹುಳು ಸಾಯಲಿ ಎಂದು ಆ ಕಲ್ಲಿಗೆ ಕುದಿನೀರು ಹೊಯ್ದರೆ ಹಬೆಯೇ ಆಸ್ಪತ್ರೆ ಸೇರಿಸೀತು.

ಇನ್ನು ಮಗನ ಯೋಜನೆ. ಕಡಲ ಬದಿಯಲ್ಲಿ ಚಿಪ್ಪು ಹೆಕ್ಕುವಾಗ ಕೆಲವಕ್ಕೆ ಡ್ರಿಲ್ ಹಾಕಿದ ಹಾಗೆ ಉರುಟು ತೂತಿರುತ್ತದೆ, ಮಕ್ಕಳು ಅದಕ್ಕೇ ದಾರ ಪೋಣಿಸಿ ಮಾಲೆ ಮಾಡುತ್ತಾರೆ. ಅದು ಮಾಂಸಾಹಾರಿ ಬಸವನಹುಳು ಆಮ್ಲ ಒಸರಿಸಿ, ನಾಲಗೆಯ ಹಲ್ಲಿನಿಂದ ಕೆರೆದು ಕೊರೆದದ್ದು. ಅಂಥದ್ದೊಂದು ಟ್ಯಾಂಕಿಗೆ ಬಂದರೆ ನಿಮ್ಮ ಟರ್ಬೋಗಳ ಗತಿ? ಕೋನ್ ಜಾತಿಯದು ಸಿಕ್ಕಿದರಂತೂ ಹುಡುಗನಿಗೇ ಅಪಾಯ. ಐಸ್‌ಕ್ರೀಂ ಕೋನಿನ ಆಕಾರ, ಚಿತ್ತಾರದ ಮೈ, ಚುಚ್ಚುವ ಹಲ್ಲಿನಲ್ಲಿ ವಿಷ. ಕೆಲವು ಜಾತಿಯವು ಚುಚ್ಚಿ ಮನುಷ್ಯರು ಸತ್ತದ್ದಿದೆ. ಖಾಲಿ ಚಿಪ್ಪು ಎಷ್ಟು ಬೇಕಾದರೂ ತರಲಿ, ಒಳಗೆ ಯಾರೂ ಇಲ್ಲವೆಂದು ನೀವು ನೋಡಿದ ಮೇಲೆ.